ವಾಕರಿಕೆಯ ಪಾಲು

ಸ್ಟೆಮ್ ಸೆಲ್ ಕಸಿಯಾಗಿ ಇಂದಿಗೆ ಇಪ್ಪತ್ತೊಂದು ದಿನ. ನನ್ನ ಗಂಡ ಮುಕುಂದನ ವಾಕರಿಕೆ ಇನ್ನೂ ನಿಂತಿಲ್ಲ. ಎಲ್ಲ ದಂಪತಿಗಳಂತೆ ನಾವೂ ಅದನ್ನು ಹಂಚಿಕೊಂಡಿದ್ದೇವೆ. ಅವನ ಮಣಿಕಟ್ಟಿಗೊಂದು ಪಟ್ಟಿ, ನನ್ನದಕ್ಕೊಂದು. ಎರಡೂ ಕಟ್ಟಿರುವಷ್ಟು ಹೊತ್ತು ಅರ್ಧ ಸಂಕಟ ಅವನಿಗೆ, ಅರ್ಧ ನನಗೆ.

ಮಧ್ಯಾಹ್ನ ಅವನಿಗೆ ಜೊಂಪು ಹತ್ತಿದಾಗ ನಾನು ಅವನಿಗೆ ಹೇಳದೆ ಪಟ್ಟಿ ಬಿಚ್ಚಿ ಚೀಲದಲ್ಲಿಟ್ಟು, ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಮೊಸರನ್ನ ತಿಂದೆ. ಮೂರು ವಾರಗಳಲ್ಲಿ ಮೊದಲ ಸಲ ಹಸಿವೆಯಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ.

ಮರಳಿ ಬಂದಾಗ ಅವನು ಬೇಸಿನ್ನಿನ ಮೇಲೆ ಬಾಗಿದ್ದ. ಫ್ಲೇವಿಯಾ ಸಿಸ್ಟರ್ ಬೆನ್ನು ನೀವುತ್ತಿದ್ದರು.

"ಇದ್ದಕ್ಕಿದ್ದಂಗೆ ಎರಡರಷ್ಟಾಗಿದೆಯಮ್ಮ. ಕಸಿ ಒಗ್ತಾ ಇಲ್ವೋ ಏನೋ. ಡಾಕ್ಟ್ರಿಗೆ ಹೇಳಿ ಸ್ಟೀರಾಯ್ಡ್ ಶುರು ಮಾಡಿಸ್ತೀನಿ."

ಬರಿಗೈಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡೆ. ಸುಮ್ಮನಿದ್ದರೆ ಅವನ ಮೈಗೆ ಬೇಡದ ಔಷಧ ಹೋಗುತ್ತದೆ. ಸಿಸ್ಟರ್ ಬಾಗಿಲ ತನಕ ಹೋದ ಮೇಲೆ ಕರೆದು ನಿಲ್ಲಿಸಿದೆ.

"ಸಿಸ್ಟರ್, ನಾನು ಪಟ್ಟಿ ಬಿಚ್ಚಿದ್ದೆ" ಎಂದೆ, ನೆಲ ನೋಡುತ್ತ.

"ನಾನೇ ಬಿಚ್ಚು ಅಂದಿದ್ದು" ಎಂದು ಮುಕುಂದ ಬಾಯಿ ಒರೆಸಿಕೊಂಡ. "ನೋಡಿ, ನನಗಿಂತ ಸೊರಗಿದ್ದಾಳೆ. ಬಂದವರು ಪೇಷೆಂಟ್ ಯಾರು ಅಂತ ಕೇಳ್ತಾರೆ."

ಸಿಸ್ಟರ್ ಗೊಣಗುತ್ತ ಹೋದರು. ನಾನು ಪಟ್ಟಿ ಕಟ್ಟಿಕೊಂಡ ಕೂಡಲೇ ಹೊಟ್ಟೆ ತೊಳಸಿತು.

"ಏನು ತಿಂದೆ?" ಎಂದು ಕೇಳಿದ.

"ಮೊಸರನ್ನ."

ನೂರು ದಿನ ಅವನು ಮೊಸರು ಮುಟ್ಟುವಂತಿಲ್ಲ. "ಹೇಗಿತ್ತು?" ಎಂದ, ಮಗುವಿನ ಆಸೆಯಿಂದ.

"ಹುಳಿ ಹುಳಿ. ಅರ್ಧಕ್ಕೇ ಬಿಟ್ಟೆ" ಎಂದೆ.

ಅಷ್ಟು ರುಚಿಯಾದ ಮೊಸರನ್ನವನ್ನು ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ.