ದಿಲ್ಲಿಗೆ ಹೋಗದ ಕಾರಣ

ಪ್ರಶ್ನೋತ್ತರ ಇನ್ನೇನು ಮುಗಿಯಿತು ಎನ್ನುವಾಗ ಕೊನೆಯ ಸಾಲಿನಲ್ಲಿ ಕೂತಿದ್ದ ವೆರೊನಿಕಾ ಕೈ ಎತ್ತಿದರು. ವೇದಿಕೆಯ ಕುರ್ಚಿಯಲ್ಲಿ ಹಸ್ನಾ ಕೂತಿದ್ದಳು. ಆ ಸಂಜೆಯ ಮಟ್ಟಿಗೆ ಅವಳು ಪ್ರೊಫೆಸರ್ ಜೋಕಿಮ್ ಲೋಬೊ ಆಗಿದ್ದಳು. ಕೈ ಎತ್ತಿದವರು ತೀರಿಹೋದ ಜೋಕಿಮ್ ಲೋಬೊ ಅವರ ಹೆಂಡತಿ.

ಉಡುಪಿಯ ಆ ಹಳೆಯ ಕಾಲೇಜು ತನ್ನ ಚಿಂತಕರ ಬಗ್ಗೆ ಬೇಸಿಗೆ ರಜೆಯಲ್ಲಿ ನಡೆಸುವ ವಸತಿ ಶಿಬಿರದ ಕ್ರಮ ಹಾಗೆ. ಹಗಲಿಡೀ ಒಬ್ಬರನ್ನು ಓದುವುದು. ಸಂಜೆ ಶಿಬಿರಾರ್ಥಿಯೊಬ್ಬ ಬೆತ್ತದ ಕುರ್ಚಿಯಲ್ಲಿ ಕೂತು, ‘ನಾನು’ ಎನ್ನುತ್ತ ಅವರಾಗಿಯೇ ಉತ್ತರಿಸುವುದು. ಶಿಬಿರ ನಡೆಸುವ ತಾರಾನಾಥ ಮೇಷ್ಟ್ರದ್ದು ಒಂದೇ ನಿಯಮ: ಹೇಳಿದ ಪ್ರತಿ ಮಾತಿಗೂ ಆಧಾರ ಬೇಕು. ಊಹಿಸಿ ಹೇಳಿದವರನ್ನು ಅಲ್ಲೇ ಕುರ್ಚಿಯಿಂದ ಇಳಿಸುತ್ತಿದ್ದರು. ಹಿಂದಿನ ದಿನ ಹಾಗೆ ಇಳಿದ ಸ್ಯಾಮ್ಸನ್‌ನನ್ನು ಮೆಸ್ಸಿನಲ್ಲಿ ಎಲ್ಲರೂ ‘ಮಾಜಿ ಚಿಂತಕರೇ’ ಎಂದು ಕರೆದು ಸಾಂಬಾರು ಬಡಿಸುತ್ತಿದ್ದರು.

ಹಸ್ನಾ ಅಲ್ಲಿಯವರೆಗೆ ಚೆನ್ನಾಗಿಯೇ ನಿಭಾಯಿಸಿದ್ದಳು. ಕ್ಲಾಸಿನ ಕಿಟಕಿ ಹಾರಿ ಹೋದವರಿಗೆ ನೀವು ಎಂತ ಮಾಡುತ್ತಿದ್ದಿರಿ ಸರ್ ಎಂದು ಶಿಬಿರಾರ್ಥಿ ಕಾರ್ಲ್ಟನ್ ಕೇಳಿದಾಗ, ಕಿಟಕಿಯ ಹತ್ತಿರವೇ ನಿಂತು ಹೊರಗೆ ಕೇಳುವ ಹಾಗೆ ಪಾಠ ಮುಂದುವರಿಸುತ್ತಿದ್ದೆ ಎಂದಿದ್ದಳು. ಆಧಾರ ಕೇಳಿದ್ದಕ್ಕೆ, “ನೀವೇ ಮೇಷ್ಟ್ರೇ. ಹಾರಿದವರು ನೀವೇ ಅಂತೆ” ಎಂದು ಇಡೀ ಸಭಾಂಗಣವನ್ನು ನಗಿಸಿದ್ದಳು. ದಿಲ್ಲಿಯ ಪ್ರಶ್ನೆಯೂ ಬಂದು ಹೋಗಿತ್ತು. ದಿಲ್ಲಿಯ ವಿಶ್ವವಿದ್ಯಾಲಯ ತಾನಾಗಿ ಕರೆದು ಹುದ್ದೆ ಕೊಟ್ಟಾಗ ಯಾಕೆ ಹೋಗಲಿಲ್ಲ? ಅವರ ಪುಸ್ತಕದ ಮುನ್ನುಡಿಯಲ್ಲಿದ್ದದ್ದನ್ನೇ ಅವಳು ಹೇಳಿದ್ದಳು: ಇಲ್ಲಿಯ ವಿದ್ಯಾರ್ಥಿಗಳನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಆ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿದ್ದ ತಾರಾನಾಥರು ಆಗ ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

ವೆರೊನಿಕಾ ಮುಂದಿನ ಬೆಂಚು ಹಿಡಿದು ಎದ್ದರು. ಎಂಬತ್ತು ದಾಟಿದ ಅವರನ್ನು ಬನ್ನಂಜೆಯ ಮನೆಯಿಂದ ಕಾರು ಕಳಿಸಿ ಕರೆತಂದು, ಶಾಲು ಹೊದೆಸಿ, ಫ್ಯಾನಿನ ಕೆಳಗೆ ಕೂರಿಸಿದ್ದರು. ಅವರು ಪ್ರಶ್ನೆ ಕೇಳಿಯಾರೆಂದು ಯಾರೂ ಎಣಿಸಿರಲಿಲ್ಲ.

“ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗಾಗಿ ಉಳಿದೆ ಅಂತ ಹೇಳಿದಿರಿ,” ಎಂದರು ಕುರ್ಚಿಯನ್ನೇ ನೋಡುತ್ತ. “ಇನ್ನಂಜೆಯಲ್ಲಿ ನನ್ನ ತಾಯಿಮನೆಯವರ ಹತ್ತಿರ ಎಂತ ಹೇಳಿದ್ದು? ವೆರೊನಿಕಾ ತನ್ನ ಅಮ್ಮನನ್ನು ಬಿಟ್ಟು ದಿಲ್ಲಿಗೆ ಬರುವುದಿಲ್ಲ ಅಂತ ಅಲ್ವಾ? ನಾನು ಯಾವಾಗ ಹಾಗೆ ಹೇಳಿದ್ದು?”

ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ವೆರೊನಿಕಾರ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ದೊಡ್ಡ ತಲೆಯನ್ನು ನೀನು ಈ ಊರಿನಲ್ಲಿ ಕಟ್ಟಿಹಾಕಿದೆ ಎಂದು ಅಣ್ಣಂದಿರು, ಅತ್ತಿಗೆಯಂದಿರು, ಕೊನೆಗೆ ಇಗರ್ಜಿಯ ಪಾದ್ರಿ ಕೂಡ ಜೀವಮಾನವಿಡೀ ಹೇಳಿದ್ದನ್ನು ಅವರು ಬಸ್ಸು ತಪ್ಪಿದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. ಗಂಡ ಇದ್ದಾಗ ಕೇಳಿದ್ದೂ ಉಂಟಂತೆ. ಕೇಳಿದಾಗಲೆಲ್ಲ ಅವರು ಒಂದು ಪುಸ್ತಕ ಕೈಗೆತ್ತಿಕೊಳ್ಳುತ್ತಿದ್ದರಂತೆ.

“ನನಗೆ ದಿಲ್ಲಿಗೆ ಹೋಗುವ ಆಸೆ ಇತ್ತು. ಅಲ್ಲಿ ಚಳಿ ಅಂತ ಸ್ವೆಟರ್ ಹೆಣೆದಿದ್ದೆ, ನಿಮಗೊಂದು, ನನಗೊಂದು. ಈಗ ನಿಮ್ಮ ಕೈಯಲ್ಲಿ ಪುಸ್ತಕ ಇಲ್ಲ. ನಿಜವಾಗಿ ಯಾಕೆ ಹೋಗಲಿಲ್ಲ, ಹೇಳಿ.”

ತಾರಾನಾಥರು ಮೆಲ್ಲನೆ ನಡುವೆ ಬಂದು, ಬಾಯಮ್ಮ, ಇದಕ್ಕೆ ಎಲ್ಲಿಯೂ ಆಧಾರ ಇಲ್ಲ ಎಂದರು. ಗೊತ್ತಿಲ್ಲ ಎಂದು ಹೇಳಿಬಿಡುವಂತೆ ಹಸ್ನಾಳಿಗೆ ಕಣ್ಣಿನಲ್ಲೇ ಸೂಚಿಸಿದರು. ನಿಯಮದ ಪ್ರಕಾರ ಅವಳು ಹೇಳಬೇಕಾದದ್ದೂ ಅಷ್ಟೇ. ಆದರೆ ಎದ್ದು ನಿಂತಿದ್ದ ವೆರೊನಿಕಾ ಕೂರಲಿಲ್ಲ. ಅವರ ಶಾಲು ಒಂದು ಭುಜದಿಂದ ಜಾರುತ್ತಿತ್ತು. ಅದನ್ನು ಸರಿಮಾಡಿಕೊಳ್ಳಲೂ ಇಲ್ಲ.

ಹಸ್ನಾಳಿಗೆ ಶಿಬಿರದ ತನ್ನ ಮೊದಲ ದಿನ ನೆನಪಾಯಿತು. ಅಂದು ಅವಳು ಉಚ್ಚಿಲದ ಮನೆಗೆ ಫೋನ್ ಮಾಡಿ, ಹಾಸ್ಟೆಲಿನ ಊಟ ಸೇರುವುದಿಲ್ಲ, ಬಂದು ಕರೆದುಕೊಂಡು ಹೋಗು ಎಂದು ಅಣ್ಣ ಸಫ್ರಾಝ್‌ನನ್ನು ಕರೆಸಿದ್ದಳು. ಊಟ ತಾನೇ, ದಿನಾ ನಾನು ತಂದುಕೊಡುತ್ತೇನೆ ಎಂದು ಅವನು ಬಿರಿಯಾನಿಯ ಡಬ್ಬಿ ಕೈಗಿಟ್ಟು ಹೋಗಿಬಿಟ್ಟಿದ್ದ. ಹಾಸ್ಟೆಲಿನ ಊಟ ಚೆನ್ನಾಗಿಯೇ ಇತ್ತು. ಅಷ್ಟು ಜನ ಬುದ್ಧಿವಂತರ ನಡುವೆ ಬಾಯಿ ತೆರೆಯಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಅದನ್ನು ಅಣ್ಣನಿಗೆ ಹೇಳುವುದಕ್ಕಿಂತ ಊಟವನ್ನು ದೂರುವುದು ಸುಲಭವಾಗಿತ್ತು.

“ನನಗೆ ಹೆದರಿಕೆ ಆಯಿತು, ವೆರೊನಿಕಾ,” ಎಂದಳು.

ಮೊಮ್ಮಗಳ ಪ್ರಾಯದವಳು ಹೆಸರು ಹಿಡಿದು ಕರೆದದ್ದಕ್ಕೆ ಎಲ್ಲರೂ ತಿರುಗಿ ವೆರೊನಿಕಾರನ್ನು ನೋಡಿದರು.

“ಇಲ್ಲಿ ನನಗಿಂತ ಹೆಚ್ಚು ಓದಿದವರು ಇರಲಿಲ್ಲ. ಅಲ್ಲಿ ಎಲ್ಲರೂ ಓದಿದವರೇ. ನನಗೆ ಎಂತದೂ ಗೊತ್ತಿಲ್ಲ ಅಂತ ಒಂದೇ ದಿನದಲ್ಲಿ ಅವರಿಗೆ ಗೊತ್ತಾಗುತ್ತದೆ ಅನಿಸಿತು. ಹಾಗಂತ ಹೇಳಲಿಕ್ಕೆ ನಾಚಿಕೆ. ಅದಕ್ಕೆ ಇಲ್ಲಿ ಮಕ್ಕಳ ಹೆಸರು ಹೇಳಿದೆ, ಅಲ್ಲಿ ನಿನ್ನ ಹೆಸರು ಹೇಳಿದೆ.”

“ಆಧಾರ?” ಎನ್ನುತ್ತ ತಾರಾನಾಥರು ಎದ್ದರು. ಅವರ ದನಿ ಸಣ್ಣದಾಗಿತ್ತು. ಹಸ್ನಾ ಇಲ್ಲವೆಂದು ತಲೆಯಾಡಿಸಿ ಕುರ್ಚಿಯಿಂದ ಏಳತೊಡಗಿದಳು.

“ಕೂತುಕೊಳ್ಳಿ,” ಎಂದರು ವೆರೊನಿಕಾ. ಇಬ್ಬರೂ ಕೂತರು.

ಬೆಂಚುಗಳ ನಡುವೆ ಒಂದೊಂದನ್ನೇ ಹಿಡಿಯುತ್ತ ಅವರು ವೇದಿಕೆಯವರೆಗೆ ನಡೆದು ಬಂದರು. ತಾರಾನಾಥರು ಕೈಕೊಡಲು ಮುಂದಾದರೂ ಬೇಡವೆಂದರು. ಕುರ್ಚಿಯ ಎದುರು ನಿಂತು, ತಲೆವಸ್ತ್ರದ ಅಂಚಿನಲ್ಲಿ ಬೆವರುತ್ತಿದ್ದ ಆ ಮುಖವನ್ನು ಬಹಳ ಹೊತ್ತು ನೋಡಿದರು. ತುಂಬ ದೂರದಿಂದ ಬಂದವರನ್ನು ನೋಡುವ ಹಾಗಿತ್ತು ಅದು.

“ಇಷ್ಟೇಯಾ?” ಎಂದರು. “ಹೆದರಿಕೆ ನನಗೂ ಇತ್ತು ಮಾರಾಯ್ರೇ. ಒಂದು ಮಾತು ಹೇಳಿದ್ದರೆ, ಇಬ್ಬರೂ ಹೆದರಿಕೊಂಡೇ ಹೋಗಬಹುದಿತ್ತಲ್ಲ.”