ತಪ್ಪಾತು ತಾಯಿ

ಭೂಮಿಯ ಸುತ್ತ ತಿರುಗುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳಂತೆ ಓದುಗರೂ ತೇಲುತ್ತಲೇ ಇರುತ್ತಾರೆ. ಎರಡೂ ಗ್ರಂಥಾಲಯಗಳು ಪರಸ್ಪರ ಪುಸ್ತಕ ಎರವಲು ಕೊಡುವ ಒಪ್ಪಂದಕ್ಕೆ ಸಹಿ ಕೇಳಲು ಧಾರವಾಡದ ಗ್ರಂಥಪಾಲಕಿ ಇಂದುಮತಿ ಅಲ್ಲಿಗೆ ಬಂದಿದ್ದಳು.

“ಆಗಲ್ಲಮ್ಮ. ನಿಮ್ಮ ಕಡೆ ಪುಸ್ತಕ ಕೆಳಗೆ ಬೀಳುತ್ತಂತೆ,” ಎಂದರು ಅಲ್ಲಿನ ಮುಖ್ಯಸ್ಥರಾದ ಚನ್ನಕೇಶವಯ್ಯ.

ಮುಖ ಸಣ್ಣದು ಮಾಡಿಕೊಂಡು ತಿರುಗಿದ ಇಂದುಮತಿಯ ಕಾಲು ತೇಲುತ್ತಿದ್ದ ನಿಘಂಟಿಗೆ ತಾಗಿತು. “ತಪ್ಪಾತು ತಾಯಿ ಸರಸ್ವತಿ,” ಎನ್ನುತ್ತ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದಳು. ಬಗ್ಗಿದ ರಭಸಕ್ಕೆ ಲಾಗ ಹೊಡೆದಳು. ಕಾಲು ಇನ್ನೊಂದು ಪುಸ್ತಕಕ್ಕೆ ತಾಗಿತು. ಮತ್ತೆ ಬಗ್ಗಿದಳು, ಮತ್ತೆ ಲಾಗ. ಹೀಗೆ ಗಣಿತದಿಂದ ಕಾವ್ಯದವರೆಗೂ ಉರುಳಿಕೊಂಡೇ ಹೋದಳು. ಓದುಗರು ತಲೆ ಎತ್ತದೆ ದಾರಿ ಬಿಟ್ಟರು.

ಚನ್ನಕೇಶವಯ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಇಷ್ಟು ಮರ್ಯಾದೆ ಕೊಡೋರಿಗೆ ಕೊಡದೆ ಇನ್ಯಾರಿಗೆ ಕೊಡೋಣಮ್ಮ,” ಎಂದು ಸಹಿ ಹಾಕಿ, ಒಪ್ಪಂದದ ಹಾಳೆಯನ್ನು ಅವಳತ್ತ ತೇಲಿಬಿಟ್ಟರು.

ಅದು ಮೆಲ್ಲಗೆ ಬಂದು ಅವಳ ಪಾದಕ್ಕೇ ತಾಗಿತು.