ಜೂನ್ ಒಂದನೇ ತಾರೀಖು

“ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ” ಎಂದು ನಿಖಿತಾ ನೋಟರಿಯ ಮುಂದೆ ಹೇಳಿಬಿಟ್ಟಳು. ಹೇಳಿದ್ದು ಇಂಗ್ಲಿಷಿನಲ್ಲೇ.

ಪಕ್ಕದಲ್ಲಿದ್ದ ಗಂಡ ಶ್ರೀಕರನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಮಾತಾಡುವವಳು, ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಡಚ್ ಕೂಡ ಕಲಿತವಳು, ಮನೆಯ ಕ್ರಯಪತ್ರವನ್ನು ಕನ್ನಡದಲ್ಲೇ ಓದಿ ಹೇಳಬೇಕು ಎಂದು ಕೂತಿದ್ದಾಳಲ್ಲ!

ನೋಟರಿ ಗಂಭೀರವಾಗಿ ಬರೆದುಕೊಂಡರು. ಇಲ್ಲಿಯ ನೋಟರಿ ಎಂದರೆ ನಮ್ಮೂರಿನ ಕೋರ್ಟಿನ ಮುಂದೆ ಕೂತು ಮುದ್ರೆ ಒತ್ತುವವರಲ್ಲ. ಪತ್ರ ಬರೆದು, ಎರಡೂ ಕಡೆಯವರಿಗೆ ಅರ್ಥವಾಗುವಂತೆ ಓದಿ, ಅವರು ಸಹಿ ಹಾಕಿಸುವ ತನಕ ಮನೆ ಕೈ ಬದಲಾಗುವುದಿಲ್ಲ. ಭಾಷೆ ಬರದವರಿಗೆ ದುಭಾಷಿ ಬೇಕೇ ಬೇಕು. ಡಚ್ಚರ ಊರಾದ ವೆಲ್ಡ್‌ಹೋವನ್ನಿನಲ್ಲಿ ಕನ್ನಡದ ದುಭಾಷಿಯನ್ನು ಎಲ್ಲಿಂದ ತರುವುದು?

“ಏನೇ ಇದು ನಾಟಕ?” ಹೊರಗೆ ಬಂದ ಮೇಲೆ ಶ್ರೀಕರ ಸಿಡುಕಿದ.

“ಮೂವತ್ತು ವರ್ಷದ ಸಾಲ ಕಣೋ. ನನ್ನ ಭಾಷೇಲಿ ಕೇಳಿಸ್ಕೊಂಡೇ ಸೈನ್ ಮಾಡ್ತೀನಿ.”

ದ ಹೇಗ್‌ನಲ್ಲಿ ಜಯದೇವ ಎಂಬ ಒಬ್ಬರಿದ್ದಾರೆ, ಆದರೆ ಜುಲೈ ಮುಗಿಯುವ ತನಕ ಅವರಿಗೆ ಪುರುಸೊತ್ತಿಲ್ಲ ಎಂದು ಎರಡು ದಿನದ ಮೇಲೆ ಅವಳೇ ಬಂದು ಹೇಳಿದಳು.

ನಾಟಕ ಶುರುವಾದದ್ದು ಅವತ್ತಲ್ಲ. ನೋಟರಿ ಯಾರೆಂದು ಆರಿಸುವ ಹಕ್ಕು ಇಲ್ಲಿ ಮನೆ ಕೊಳ್ಳುವವರದು. ಹತ್ತೇ ದಿನದಲ್ಲಿ ಕೆಲಸ ಮುಗಿಸಿಕೊಡುವ ಆಫೀಸೊಂದನ್ನು ಗೆಳೆಯ ಹರಿಪ್ರಸಾದ ಸೂಚಿಸಿದ್ದ. ನಿಖಿತಾ ಒಂದು ರಾತ್ರಿಯೆಲ್ಲ ರಿವ್ಯೂಗಳನ್ನು ಓದಿ, ‘ಫೋನ್ ಎತ್ತುವುದಿಲ್ಲ, ತಿಂಗಳಾದರೂ ಪತ್ರ ಬರುವುದಿಲ್ಲ’ ಎಂದು ಜನ ಶಾಪ ಹಾಕಿದ್ದ ಇವರನ್ನೇ ಹಿಡಿದಳು. ಆಮೇಲೆ ಅವಳ ಜನನ ಪ್ರಮಾಣಪತ್ರ ಕಾಣೆಯಾಯಿತು. ಮೈಸೂರಿನಿಂದ ತರಿಸಿದ್ದರಲ್ಲಿ ಮುದ್ರೆ ಮಸುಕಾಗಿದೆ ಎಂದು ಅವಳೇ ತಪ್ಪು ಹುಡುಕಿದಳು. ಜೂನ್ ಒಂದನೇ ತಾರೀಖಿಗೆ ಸಿಗಬೇಕಿದ್ದ ಮನೆ ಹಾಗೇ ಮುಂದೆ ಮುಂದೆ ಹೋಯಿತು.

ಮನೆ ಮಾರುವ ಯಾನ್ಸೆನ್ ಎಂಬ ಮುದುಕರಾದರೂ ಕೂಗಾಡಬೇಕಿತ್ತು. ಪ್ರತಿ ಸಲವೂ ಅವರು ತುಟಿಪಿಟಕ್ಕೆನ್ನದೆ ಒಪ್ಪಿದರು. ಶ್ರೀಕರ ಅವರನ್ನು ನೋಡಿದ್ದು ಒಂದೇ ಸಲ, ಮನೆ ನೋಡಲು ಹೋದಾಗ. ತೋಟದ ಕಡೆಯ ಕೋಣೆಯನ್ನು ಅವತ್ತು ತೋರಿಸಿರಲಿಲ್ಲ, ಹೆಂಡತಿ ಮಲಗಿದ್ದಾಳೆ ಎಂದಿದ್ದರು. ಫೋಟೊದಲ್ಲಿ ಚೆನ್ನಾಗಿದೆಯಲ್ಲ, ಸಾಕು ಎಂದುಕೊಂಡಿದ್ದ ಶ್ರೀಕರ.

ಅವನ ತಲೆ ಕೊರೆಯುತ್ತಿದ್ದುದು ಶನಿವಾರಗಳು. “ಕರ್ಟನ್ ಅಳತೆ ತಗೊಂಡ್ ಬರ್ತೀನಿ” ಎಂದು ನಿಖಿತಾ ಸೈಕಲ್ ಹತ್ತಿದರೆ ಮೂರು ಗಂಟೆ ಪತ್ತೆಯಿಲ್ಲ. ಅಳತೆಯ ಟೇಪು ನೋಡಿದರೆ ಮನೆಯ ಡ್ರಾಯರಿನಲ್ಲೇ ಇರುತ್ತಿತ್ತು. ಇವಳಿಗೆ ಮನೆ ಬೇಡವೋ, ನಾನೇ ಬೇಡವೋ? ಬಿಟ್ಟು ಹೋಗುವವಳು ತಾನೇ ಗಂಡನ ಜೊತೆ ಮೂವತ್ತು ವರ್ಷದ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುವುದು? ಎಂಟು ವರ್ಷದ ಸಂಸಾರ ಹೀಗೆ ಮುಗಿಯುತ್ತದೆಯೇ ಎಂದು ನೆನೆದರೆ ಅವನಿಗೆ ಅಳುವೇ ಬರುತ್ತಿತ್ತು.

ಜೂನ್ ಕೊನೆಗೆ ಬಾಡಿಗೆ ಮನೆಯ ಅವಧಿ ಮುಗಿಯಿತು. ಇಬ್ಬರೂ ಪೆಟ್ಟಿಗೆಗಳ ಸಮೇತ ಹರಿಪ್ರಸಾದನ ಅಟ್ಟ ಸೇರಿದರು. ಅಲ್ಲಿ, ಪೆಟ್ಟಿಗೆಗಳ ನಡುವೆ ಕೂತು, ಶ್ರೀಕರ ಕೇಳಿಯೇಬಿಟ್ಟ.

“ಬೇರೆ ಯಾರಾದ್ರೂ ಇದ್ದಾರಾ, ನಿಖಿ?”

ಅವಳು ಪೆಟ್ಟಿಗೆಯೊಂದನ್ನು ಪಕ್ಕಕ್ಕೆ ಸರಿಸಿ ಅವನ ಎದುರು ಕೂತಳು. “ನಿನಗೆ ಸುಳ್ಳು ಹೇಳೋಕೆ ಬರಲ್ಲ ಶ್ರೀ. ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀಯ. ಅದಕ್ಕೇ ನಿನಗೆ ಎಲ್ಲಾ ಹೇಳಲ್ಲ.”

ಅವನು ಹಾಸಿಗೆ ಬಿಡಿಸಿ ಗೋಡೆಯ ಕಡೆ ತಿರುಗಿ ಮಲಗಿದ.

ಜುಲೈ ಎರಡನೇ ವಾರ ಒಂದು ಮಧ್ಯಾಹ್ನ ಅವಳು ಕಣ್ಣು ಊದಿಸಿಕೊಂಡು ಬಂದಳು. ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕುಸಿದು ಕೂತಳು. “ಜಯದೇವ ಅವರಿಗೆ ಫೋನ್ ಮಾಡಿದೆ. ಮುಂದಿನ ವಾರವೇ ಬರ್ತಾರಂತೆ. ಮುಗಿಸಿಬಿಡೋಣ.” ಯಾರೋ ಇವಳ ಕೈ ಬಿಟ್ಟರು ಎಂದುಕೊಂಡ ಶ್ರೀಕರ. ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು.

ಸಹಿಯ ದಿನ ಬೆಳಗ್ಗೆ ಖಾಲಿ ಮನೆಯನ್ನು ಕೊನೆಯ ಸಲ ಪರೀಕ್ಷಿಸಿ ನೋಡುವುದು ಇಲ್ಲಿಯ ಪದ್ಧತಿ. ತೋಟದ ಕೋಣೆಯ ಮರದ ನೆಲದಲ್ಲಿ ನಾಲ್ಕು ತಗ್ಗುಗಳು ಬಿದ್ದಿದ್ದವು, ಭಾರದ ಮಂಚವೊಂದು ಬಹುದಿನ ನಿಂತಿದ್ದ ಹಾಗೆ. ರಿಪೇರಿಯ ಪಟ್ಟಿಯಲ್ಲಿ ಬರೆಯಲು ಶ್ರೀಕರ ಪೆನ್ನು ತೆಗೆದ. ನಿಖಿತಾ ಅವನ ಕೈ ಹಿಡಿದಳು.

“ಬರೀಬೇಡ. ಅದು ಹಾಗೇ ಇರ್ಲಿ.”

ನೋಟರಿಯ ಮೇಜಿನ ಆಚೆ ಯಾನ್ಸೆನ್ ಒಬ್ಬರೇ ಕೂತಿದ್ದರು. ನೋಟರಿ ಡಚ್ಚಿನಲ್ಲಿ ಓದುತ್ತಾ ಹೋದರು, ಜಯದೇವ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಬಂದರು. “ಮಾರಾಟಗಾರರು, ಕೋಸ್ ಯಾನ್ಸೆನ್, ವೆಲ್ಡ್‌ಹೋವನ್ ನಿವಾಸಿ...” ನಡುವೆ ತಡೆದು, ಮುಂದಿದ್ದ ಹಳೆಯ ಒಪ್ಪಂದದ ಪ್ರತಿಯನ್ನು ನೋಡಿದರು. ಅದರಲ್ಲಿ ‘ವಿವಾಹಿತ’ ಎಂದಿತ್ತು. “ಇಲ್ಲಿ ಬದಲಾಗಿದೆ. ವಿಧುರ.”

ಮುದುಕರು ಮೇಜಿನ ಮೇಲಿಂದ ಎರಡೂ ಕೈ ಚಾಚಿ ನಿಖಿತಾಳ ಕೈ ಹಿಡಿದು ಏನೋ ಹೇಳತೊಡಗಿದರು. ನಿಖಿತಾ ಅಳುತ್ತಲೇ ತೊಡರಿಲ್ಲದ ಡಚ್ಚಿನಲ್ಲಿ ಉತ್ತರ ಕೊಟ್ಟಳು. ನೋಟರಿ ತಲೆ ಎತ್ತಿ ಅವಳನ್ನು ನೋಡಿ, ಪತ್ರದ ಹಾಳೆ ತಿರುವಿದರು. ಅರ್ಥವಾಗದೆ ಕೂತಿದ್ದವನು ಶ್ರೀಕರ ಒಬ್ಬನೇ. ಜಯದೇವ ಅವನತ್ತ ಬಾಗಿ ಮೆಲ್ಲಗೆ ಮುದುಕರ ಮಾತನ್ನು ಕನ್ನಡಕ್ಕೆ ತಂದರು:

“ನನ್ನ ಹೆಂಡತಿ ಮೇ ತಿಂಗಳು ದಾಟೋದಿಲ್ಲ ಅಂದಿದ್ರು ಡಾಕ್ಟರು, ಅವಳಿಲ್ಲದ ಮನೇಲಿ ನಾನಿರಲಾರೆ ಅಂತ ಜೂನ್ ಒಂದಕ್ಕೆ ಮಾರಿಬಿಟ್ಟೆ, ಅವಳಿನ್ನೂ ಸತ್ತಿಲ್ಲ, ಸ್ವಲ್ಪ ಕಾಯಿರಿ ಅಂತ ನಾನು ಯಾವ ಬಾಯಲ್ಲಿ ಕೇಳಲಮ್ಮ? ನಾನು ಕೇಳದೇನೇ ನೀನು ಕಾದೆ, ಶನಿವಾರ ಶನಿವಾರ ಬಂದು ಅವಳ ಪಕ್ಕ ಕೂತೆ, ಅವಳು ತನ್ನ ಕೋಣೆಯಲ್ಲೇ ಕಣ್ಣು ಮುಚ್ಚಿದಳು.”